ಬಾಣಂತಿಯ ಬಚ್ಚಲಿಗೆ ಗ್ಯಾಸ್ ಗೀಸರ್

“ಬಾಣಂತಿಗೆ ಈ ನೀರು ಎಲ್ಲಿಗೆ ಸಾಕಾಗ್ತದೆ?” ಬಚ್ಚಲಿನ ಗೋಡೆಯಲ್ಲಿದ್ದ ಕರೆಂಟ್ ಗೀಸರನ್ನು ತೋರಿಸಿ ಆಂಟಿ ಕೇಳಿದರು. “ಎರಡು ಬಕೆಟ್ ತುಂಬುವಷ್ಟರಲ್ಲಿ ತಣ್ಣಗೆ. ಬಾಣಂತಿ ಸ್ನಾನ ಅಂದ್ರೆ ಎಣ್ಣೆ ತಿಕ್ಕಿ, ಮೈ ಕೆಂಪಾಗುವ ಹಾಗೆ ಹಂಡೆಗಟ್ಟಲೆ ಹೊಯ್ಯಬೇಕು. ಸೋಮವಾರ ಮಗಳು ಬರ್ತಾಳೆ. ಅಷ್ಟರೊಳಗೆ ಗ್ಯಾಸಿನದ್ದು ಕೂರಿಸಿ ಕೊಡಿ.”

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ. ಮನೆಯಲ್ಲಿ ಆಂಟಿ, ಅಂಕಲ್ ಇಬ್ಬರೇ. ಅಂಕಲ್ ಥಾಣೆಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವರು. ಊರು ಉಡುಪಿಯ ಕಡೆ. ಮಗಳಿಗೆ ಥಾಣೆಯ ಆಸ್ಪತ್ರೆಯಲ್ಲಿ ಸುಖಪ್ರಸವವಾಗಿತ್ತು. ಬಾಣಂತನ ತಾಯಿಯ ಮನೆಯಲ್ಲಿ. ಕೆಲಸಕ್ಕೆ ಹೋದವರು ನಾನು ಮತ್ತು ನನ್ನ ಮಾಮ, ಅಂದರೆ ಅಮ್ಮನ ತಮ್ಮ. ಪೈಪು, ಜೋಡಣೆ ಮಾಮನ ಕೈಯದು. ಗೀಸರ್ ಎಲ್ಲಿರಬೇಕು, ಅದರ ಹೊಗೆ ಎಲ್ಲಿಗೆ ಹೋಗಬೇಕು ಎನ್ನುವುದು ನನ್ನ ಪಾಲಿನದು. ಜೊತೆಗೆ ಜಗಳವೂ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆಂದು ಊರೂರು ಸುತ್ತಿದವಳು ನಾನು. ಯಾರಾದರೂ ‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂದರೆ ಸಾಕು, ನನ್ನ ಬಾಯಿ ತೆರೆದುಕೊಳ್ಳುತ್ತದೆ.

“ಬಚ್ಚಲಲ್ಲೇ ಹಾಕಿ,” ಎಂದರು ಆಂಟಿ. “ಎದುರು ಮನೆಯವರದ್ದು ಬಚ್ಚಲಲ್ಲೇ ಉಂಟು. ಅವರಿಗೆಂತ ಆಯ್ತು?”

“ಇಷ್ಟು ದಿನ ಏನೂ ಆಗಿಲ್ಲ ಅನ್ನೋದು ಮುಂದೆ ಆಗೋದಿಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ, ಆಂಟಿ.”

ಆಂಟಿ ಮಾಮನ ಕಡೆ ತಿರುಗಿದರು. “ಇವಳೆಂತ, ವಕೀಲಳಾ?”

“ಆಗಬೇಕಿತ್ತು ಅಕ್ಕ,” ಎಂದ ಮಾಮ. “ಆಗಲಿಲ್ಲ. ಜಡ್ಜುಗಳ ಪುಣ್ಯ.”

ನಾನು ಬಿಡಲಿಲ್ಲ. ಗ್ಯಾಸ್ ಉರಿಯುವುದಕ್ಕೆ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಗಾಳಿ ತೀರುತ್ತಾ ಬಂದಂತೆ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ತಲೆ ಭಾರವಾಗುತ್ತದೆ, ನಿದ್ದೆ ಬಂದಂತಾಗುತ್ತದೆ, ಎದ್ದು ಬಾಗಿಲು ತೆಗೆಯಬೇಕು ಎನ್ನುವ ಬುದ್ಧಿಯೇ ಮೊದಲು ಹೋಗುತ್ತದೆ. ಇದನ್ನೆಲ್ಲ ಹೇಳಿದ ಮೇಲೆ ಆಂಟಿ ಸ್ವಲ್ಪ ಮೆತ್ತಗಾದರು. ಗೀಸರ್ ಅಡುಗೆಮನೆಯ ಪಕ್ಕದ ಡ್ರೈ ಬಾಲ್ಕನಿಯಲ್ಲಿ, ಅವರು ಪಾತ್ರೆ ತೊಳೆಯುವ ಜಾಗದಲ್ಲಿ ಎಂದು ತೀರ್ಮಾನವಾಯಿತು. ಅಲ್ಲಿಂದ ಬಚ್ಚಲಿಗೆ ಬಿಸಿನೀರಿನ ಪೈಪು.

ಎರಡನೆಯ ವಾದ ಬಚ್ಚಲಿನ ಕಿಟಕಿಯದು. ಗಾಜಿನ ಪಟ್ಟಿಗಳ ಆ ಸಣ್ಣ ಕಿಟಕಿಗೆ ಆಂಟಿ ಆಗಲೇ ದಪ್ಪ ಪ್ಲಾಸ್ಟಿಕ್ ಹಾಕಿ, ನಾಲ್ಕೂ ಕಡೆ ಟೇಪ್ ಅಂಟಿಸಿ, ಮೂಲೆಗಳಿಗೆ ಹಳೆ ಬಟ್ಟೆ ತುರುಕಿದ್ದರು. ಬಾಣಂತಿಗೆ ಗಾಳಿ ತಾಗಬಾರದಲ್ಲ!

“ಇದನ್ನು ತೆಗೆಯಲೇಬೇಕು,” ಎಂದೆ. “ಗೀಸರ್ ಹೊರಗಿದ್ದರೂ ಸರಿ. ಉಸಿರಾಡಲಿಕ್ಕೆ ಗಾಳಿ ಬೇಡವಾ?”

“ನಾನು ಹಡೆದದ್ದು ಹಾಗೆಯೇ, ನನ್ನಮ್ಮ ಹಡೆದದ್ದು ಹಾಗೆಯೇ.”

“ಊರಿನ ಬಚ್ಚಲಿಗೆ ಹೆಂಚಿನ ಸಂದಿಯಲ್ಲಿ ಗಾಳಿ ಬರ್ತಿತ್ತು ಆಂಟಿ. ಇದು ಸ್ಲ್ಯಾಬ್.”

ಈ ಉತ್ತರ ನನಗೇ ಬಹಳ ಹಿಡಿಸಿತು.  ಅಂಕಲ್ ಪೇಪರಿನ ಹಿಂದಿನಿಂದ “ತೆಗೀಲಿ ಬಿಡು ಮಾರಾಯ್ತಿ, ಕಲಿತವರು ಹೇಳ್ತಾರೆ” ಎಂದರು. ಟೇಪನ್ನು ನಾನೇ ಕಿತ್ತೆ. ಬಟ್ಟೆ, ಪ್ಲಾಸ್ಟಿಕ್ ಎಲ್ಲವನ್ನೂ ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಿದೆ.

ಆ ಕಿಟಕಿ ತೆರೆದುಕೊಳ್ಳುವುದು ಡಕ್ಟಿಗೆ. ಈ ಕಡೆಯ ಕಟ್ಟಡಗಳಲ್ಲೆಲ್ಲ ಹೀಗೆ: ಮನೆಗಳ ನಡುವೆ ನೆಲದಿಂದ ತಾರಸಿಯವರೆಗೆ ಬಾವಿಯಂಥ ಒಂದು ಕಿಂಡಿ, ಅದರೊಳಗೆ ಎಲ್ಲರ ಒಳಚರಂಡಿ ಪೈಪುಗಳು, ಅದರತ್ತ ಎಲ್ಲರ ಬಚ್ಚಲಿನ ಕಿಟಕಿಗಳು. ಗೀಸರಿನ ಹೊಗೆ ಪೈಪನ್ನು ರಸ್ತೆಯ ಕಡೆಯ ಗೋಡೆಯಿಂದ ಹೊರಗೆ ಬಿಡಬೇಕೆಂದು ನನ್ನ ಯೋಚನೆ. ಸೊಸೈಟಿಯ ಸೆಕ್ರೆಟರಿಯನ್ನು ಕೇಳಲು ಹೋದೆ. ಅವರು ಬೇಲಾಪುರದ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವವರು, ವಿಜಯಪುರದ ಕಡೆಯವರು.

“ಮುಂದಿನ ಗ್ವಾಡಿಗೆ ತೂತು? ಛೇ ಛೇ, ಆಗಂಗಿಲ್ರೀ. ಈಗಷ್ಟ ಪೇಂಟ್ ಮಾಡ್ಸೇವಿ. ಹೊರಗ ಒಂದು ಪೈಪೂ ಕಾಣಬಾರ್ದು ಅಂತ ಕಮಿಟಿ ಠರಾವ್ ಮಾಡೇತಿ. ಎಲ್ಲಾರೂ ಡಕ್ಟಿಗೇ ಬಿಟ್ಟಾರ, ನೀವೂ ಅಲ್ಲೇ ಬಿಡ್ರಿ.”

ಎಲ್ಲಾರೂ! ನಾನು ವಾದಕ್ಕೆ ನಿಲ್ಲುವಷ್ಟರಲ್ಲಿ ಮಾಮ ತೋಳು ಹಿಡಿದು ಎಳೆದುಕೊಂಡು ಬಂದ. “ಡಕ್ಟ್ ಅಂದ್ರೆ ಚಿಮಣಿ ಇದ್ದ ಹಾಗೆ ಅಲ್ವಾ? ಬಿಸಿ ಹೊಗೆ ಮೇಲೆ ಹೋಗ್ತದೆ. ಎಂತ ತೊಂದರೆ?” ಎಂದ. ಬಚ್ಚಲಿನ ಕಿಟಕಿಯ ಪಟ್ಟಿ ಬಿಚ್ಚಿ ತಲೆ ಹೊರಗೆ ಹಾಕಿ ನೋಡಿದೆ. ಕೆಳಗೂ ಮೇಲೂ ಬೇರೆ ಮನೆಗಳ ಹೊಗೆ ಪೈಪಿನ ಬಾಯಿಗಳು. ತುದಿಯಲ್ಲಿ ಚೌಕಾಕಾರದ ಬೆಳಕು. ಬೆಳಕು ಬರುತ್ತಿದೆ, ಅಂದರೆ ಮೇಲೆ ತೆರೆದಿದೆ ಎಂದು ಲೆಕ್ಕ ಹಾಕಿ ಒಪ್ಪಿಕೊಂಡೆ.

ಕೆಲಸ ಶುರುವಾಯಿತು. ಗೀಸರಿನ ಬಾಯಿಗೆ ನೇರ ಪ್ಲಾಸ್ಟಿಕ್ ಪೈಪು ಹಾಕಿದರೆ ಬಿಸಿಗೆ ಜೋಡಣೆ ಸಡಿಲವಾಗುತ್ತದೆ. ಆದ್ದರಿಂದ ಮೊದಲ ತುಂಡು ಉಕ್ಕಿನ ಹೆಣಿಗೆಯ ಪೈಪು, ಆಮೇಲೆ ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್. ತಣ್ಣೀರಿನ ಕಡೆ ಒಂದು ವಾಲ್ವ್, ಕಸ ತಡೆಯುವ ಸಣ್ಣ ಜಾಲರಿ. ಬಿಸಿನೀರಿನ ಪೈಪಿಗೆ ಉದ್ದಕ್ಕೂ ಫೋಮಿನ ಅಂಗಿ. ಮಾಮ ಪೈಪು ಕತ್ತರಿಸಿ, ಅಂಚು ಕೆರೆದು, ಅಂಟು ಬಳಿದು, ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ ಹಿಡಿದು ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸಬಾರದು. ಅಂಟು ಒಣಗಿದ ಮೇಲೆ ಕೈಪಂಪಿನಿಂದ ನೀರು ಒತ್ತಿ ನೋಡಿದೆವು. ಪಂಪಿನ ಒತ್ತಡದ ಮೀಟರಿನ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಬಚ್ಚಲಿನ ನಲ್ಲಿಯ ಹಿಂದಿನ ಹಿತ್ತಾಳೆಯ ಜೋಡಣೆಯಲ್ಲಿ ಬೆವರಿನಂತೆ ಹನಿ. ಪೈಪಿಗೆಂದು ಒಡೆದಿದ್ದ ಟೈಲ್ಸನ್ನು ಮತ್ತಷ್ಟು ಒಡೆದು ಆ ಜೋಡಣೆಯನ್ನೇ ಬೇರೆ ಹಾಕಬೇಕಾಯಿತು. ಆಂಟಿ ಬಾಗಿಲಲ್ಲಿ ನಿಂತು ಹಣೆ ಒತ್ತಿಕೊಂಡರು.

ಹೊಗೆ ಪೈಪನ್ನು ಗೀಸರಿನ ತಲೆಯಿಂದ ಆದಷ್ಟು ನೆಟ್ಟಗೆ ಮೇಲಕ್ಕೆ ಒಯ್ದು, ಒಂದೇ ಒಂದು ತಿರುವು ಕೊಟ್ಟು, ಡಕ್ಟಿನ ಗೋಡೆಯತ್ತ ಸ್ವಲ್ಪ ಏರಿಕೆಯಲ್ಲಿ ದಾಟಿಸಿದೆ. ತಿರುವು ಹೆಚ್ಚಾದಷ್ಟೂ ಹೊಗೆ ಸೋಮಾರಿಯಾಗುತ್ತದೆ. ಶನಿವಾರ ಗ್ಯಾಸ್ ಕಂಪನಿಯ ಫಿಟ್ಟರ್ ಬಂದು ಗ್ಯಾಸಿನ ಜೋಡಣೆ ಕೊಟ್ಟು, ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ ಹೋದ. ಇನ್ನು ನನ್ನ ಪರೀಕ್ಷೆ: ಗೀಸರ್ ಹೊತ್ತಿಸಿ, ಅದರ ತಲೆಯ ಹತ್ತಿರ ಊದುಬತ್ತಿ ಹಿಡಿಯುವುದು. ಊದುಬತ್ತಿಯ ಹೊಗೆಯನ್ನು ಪೈಪು ಒಳಗೆ ಎಳೆದುಕೊಂಡರೆ ಗೀಸರಿನ ಹೊಗೆಯೂ ಹೊರಗೆ ಹೋಗುತ್ತಿದೆ ಎಂದರ್ಥ.

ಒಳಗೆ ಹೋಯಿತು. ಬಹಳ ಆಲಸ್ಯದಿಂದ, ಆದರೂ ಹೋಯಿತು.

“ದೇವರ ಊದುಬತ್ತಿಯಲ್ಲೇ ಪರೀಕ್ಷೆ! ದೇವರನ್ನು ನಂಬುದಿಲ್ಲ ಅಂತೀಯಲ್ಲ?” ಆಂಟಿ ಸೇಡು ತೀರಿಸಿಕೊಂಡರು.

“ಊದುಬತ್ತಿಯನ್ನು ನಂಬ್ತೇನೆ ಆಂಟಿ. ಈಗ ಬಾಲ್ಕನಿಯ ಗಾಜು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ.”

ಫ್ಯಾನ್ ತಿರುಗಿತು. ಊದುಬತ್ತಿಯ ಎಳೆ ಒಮ್ಮೆ ನಡುಗಿ, ಬಾಗಿ, ನೇರ ನನ್ನ ಮುಖಕ್ಕೆ ಬಂತು. ಅದರ ಹಿಂದೆಯೇ ಬೆಚ್ಚಗಿನ, ತೇವದ ಗಾಳಿ. ಗೀಸರಿನ ಹೊಗೆ ಡಕ್ಟಿಗೆ ಹೋಗುತ್ತಿಲ್ಲ, ಡಕ್ಟಿನ ಗಾಳಿಯೇ ಪೈಪಿನಲ್ಲಿ ಇಳಿದು ಮನೆಗೆ ಬರುತ್ತಿದೆ! ಫ್ಯಾನ್ ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ, ಸರಿ. ಆದರೆ ಮೇಲೆ ಆಕಾಶಕ್ಕೆ ತೆರೆದ ಕಿಂಡಿ ಇಷ್ಟು ಸುಲಭವಾಗಿ ಸೋಲಬಾರದು. ಮಾಮನ ಮುಖ ನೋಡಿದೆ. ಮಾಮ ಗ್ಯಾಸಿನ ವಾಲ್ವ್ ಮುಚ್ಚಿದ.

ಗೀಸರಿನ ಕಿಡಿಗೆ ಬೇಕಾದ ಸೆಲ್‌ಗಳನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. “ನಾಳೆ ತಾರಸಿಗೆ ಹೋಗಿ ನೋಡುವವರೆಗೆ ಇದನ್ನು ಹೊತ್ತಿಸುವ ಹಾಗಿಲ್ಲ,” ಎಂದೆ. ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಪುಟ್ಟ ಯಂತ್ರವೊಂದು ನನ್ನ ಬಳಿ ಇತ್ತು. ಅದನ್ನು ಬಚ್ಚಲಿನ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದೆ. “ಇದು ಕೂಗಿದ್ರೆ ಹಾಲ್‌ನ ಕಿಟಕಿ ಎಲ್ಲ ತೆಗೆದು ನನಗೆ ಫೋನ್ ಮಾಡಿ.”

“ಆಯ್ತು,” ಎಂದರು ಆಂಟಿ. ಕೇಳಿಸಿಕೊಂಡರೆಂದು ನಾನು ಅಂದುಕೊಂಡೆ.

ಭಾನುವಾರ ಬೆಳಗ್ಗೆ ನಾನು, ಮಾಮ, ಸೆಕ್ರೆಟರಿ ಮೂವರೂ ನೇರವಾಗಿ ತಾರಸಿಗೆ ಹತ್ತಿದೆವು. ಬೀಗ ತೆಗೆದು ಸೆಕ್ರೆಟರಿ ಹೆಮ್ಮೆಯಿಂದ ಕೈ ತೋರಿಸಿದರು. “ನೋಡ್ರಿ, ಹ್ಯಾಂಗ್ ಮಾಡ್ಸೇವಿ!”

ಡಕ್ಟಿನ ಬಾಯಿಯ ಮೇಲೆ, ಅಂಚಿನಿಂದ ಅಂಚಿಗೆ, ಪಾರದರ್ಶಕ ಶೀಟು. ಸುತ್ತಲೂ ಸಿಲಿಕಾನ್ ತುಂಬಿ ಬಿಗಿದದ್ದು. ಬೆಳಕು ಬರುತ್ತದೆ. ಮಳೆ ಬರುವುದಿಲ್ಲ, ಪಾರಿವಾಳ ಬರುವುದಿಲ್ಲ. ಹೊಗೆ ಹೋಗುವುದಿಲ್ಲ. ಶೀಟಿನ ಒಳಮೈಯಲ್ಲಿ ನೀರು ಕಟ್ಟಿ ಹನಿ ಹನಿಯಾಗಿ ಜಾರುತ್ತಿತ್ತು. ಅದು ಮಳೆಯದಲ್ಲ. ಗ್ಯಾಸ್ ಉರಿದಾಗ ಹುಟ್ಟುವ ಹಬೆ, ಇಡೀ ಕಟ್ಟಡದ ಬೆಳಗಿನ ಸ್ನಾನದ ಹಬೆ.

ಶೀಟಿನ ಅಂಚಿನ ಸುತ್ತ ಬೆರಳಾಡಿಸಿ ನೋಡಿದೆ, ಎಲ್ಲೂ ಸಂದಿಯಿಲ್ಲ. 

“ಇದನ್ನ ಯಾವಾಗ ಹಾಕಿಸಿದ್ರಿ?”

“ಹ್ವಾದ ಮಳಿಗಾಲಕ್ಕೂ ಮೊದ್ಲ. ಎಲ್ಲಾರ ಬಚ್ಚಲ ಗ್ವಾಡಿ ನೆನೀತಿತ್ತು. ಈಗ ಲೀಕೇಜ್ ಪೂರಾ ಬಂದ್.”

“ಸರ್, ಇದರೊಳಗೆ ಎಲ್ಲರ ಗೀಸರಿನ ಹೊಗೆ ಉಂಟು. ಹೋಗಲಿಕ್ಕೆ ದಾರಿ ಇಲ್ಲ. ಅದೇ ಹೊಗೆ ವಾಪಸ್ ಗೀಸರಿಗೆ ಹೋಗ್ತದೆ, ಉರಿ ಇನ್ನೂ ಕೆಡ್ತದೆ, ಇನ್ನೂ ವಿಷ. ಈಗಲೇ ಕತ್ತರಿಸಬೇಕು.”

“ಹಂಗ ಹ್ಯಾಂಗ್ ಕತ್ತರಸ್ತೀರಿ? ಮೀಟಿಂಗ್ ಕರೀಬೇಕು, ಠರಾವ್ ಆಗಬೇಕು. ಇಷ್ಟ ದಿನಾ ಯಾರಿಗೇನ್ ಆಗೇತಿ, ಹೇಳ್ರಿ ನೋಡೋಣ?”

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಲೆಗೆ ಬೇರೆಯದೇ ಹೊಳೆಯಿತು: ಆಂಟಿಯ ಬಚ್ಚಲಿನ ಕಿಟಕಿ ಈ ಕಿಂಡಿಗೇ ತೆರೆದಿದೆ. ಅದಕ್ಕಿದ್ದ ಪ್ಲಾಸ್ಟಿಕ್ಕನ್ನು ನಾನು ಕಿತ್ತು ಹಾಕಿದ್ದೇನೆ. ಅಡುಗೆಮನೆಯ ಫ್ಯಾನ್ ಹಾಕಿದರೆ ಗೀಸರಿನ ಪೈಪಿನಿಂದ ಮಾತ್ರವಲ್ಲ, ಆ ಕಿಟಕಿಯಿಂದಲೂ ಡಕ್ಟಿನ ಗಾಳಿ ಒಳಗೆ ಬರುತ್ತದೆ. ಮಗಳು ಬರುವುದು ನಾಳೆ, ಪುಣ್ಯ, ಎಂದುಕೊಳ್ಳುತ್ತಲೇ ಮೆಟ್ಟಿಲಿಳಿದೆ. ಹಿಂದೆ ಮಾಮ, ಅವನ ಹಿಂದೆ “ಏನಾತ್ರೀ, ಏನಾತು?” ಎನ್ನುತ್ತ ಸೆಕ್ರೆಟರಿ.

ಬಾಗಿಲು ತೆರೆದೇ ಇತ್ತು. ಹಾಲ್‌ನಲ್ಲಿ ಅಂಕಲ್ ನೆಲದ ಮೇಲೆ ಕೂತು ತೊಟ್ಟಿಲು ತೂಗುತ್ತಿದ್ದರು. ತೊಟ್ಟಿಲು!

“ನಿನ್ನೆ ಸಂಜೆಯೇ ಡಿಸ್ಚಾರ್ಜ್ ಮಾಡಿದ್ರು,” ಎಂದರು ಅಂಕಲ್ ನಗುತ್ತ. “ಮೆಲ್ಲ ಮಾತಾಡಿ. ಮಗು ಮಲಗಿದೆ.”

ಮೊಳೆಯಲ್ಲಿ ಯಂತ್ರವಿರಲಿಲ್ಲ. ಆದರೆ ಎಲ್ಲೋ ಒಳಗಿನಿಂದ, ಬಟ್ಟೆಯಲ್ಲಿ ಮುಚ್ಚಿದಂತೆ, ಕೀಚು ಕೀಚು ಸದ್ದು. ಕಪಾಟು ತೆಗೆದೆ. ಸೀರೆಗಳ ನಡುವೆ ಟವೆಲ್ ಸುತ್ತಿ ಇಟ್ಟಿದ್ದ ಯಂತ್ರ ಒಂದೇ ಸಮ ಕೂಗುತ್ತಿತ್ತು.

ಆಂಟಿ ಬಚ್ಚಲಿನಿಂದ ಖಾಲಿ ಪಾತ್ರೆ ಹಿಡಿದು ಹೊರಬಂದರು. ಮುಖ ಕೆಂಪಗೆ, ಹಣೆಯಲ್ಲಿ ಬೆವರು. ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ನೀರು ಕುದಿಯುತ್ತಿತ್ತು, ಮೇಲೆ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. “ಅದಾ? ಬೆಳಗ್ಗಿಂದ ಕೂಗ್ತಾ ಉಂಟು ಮಾರಾಯ್ತಿ. ಸೆಲ್ ಮುಗಿದಿರಬೇಕು. ಮಗು ಏಳ್ತದೆ ಅಂತ ಒಳಗಿಟ್ಟೆ.”

“ನಿಮ್ಮ ಮಗಳು ಎಲ್ಲಿ?”

“ಒಳಗೆ. ಎಣ್ಣೆ, ಬಿಸಿನೀರು ಎರಡೂ ಹತ್ತಿತಲ್ಲ, ಕೂತಲ್ಲೇ ತೂಕಡಿಸ್ತಾಳೆ. ನನಗೂ ತಲೆ ಹಿಡಿದ ಹಾಗೆ ಆಗ್ತಾ ಉಂಟು, ನಿದ್ದೆ ಇಲ್ಲ ಅಲ್ವಾ?”

ಬಚ್ಚಲಿನ ಬಾಗಿಲು ನೂಕಿದೆ. ಗಿಡ್ಡ ಮಣೆಯ ಮೇಲೆ ಒದ್ದೆ ಸೀರೆ ಸುತ್ತಿಕೊಂಡು ಅವಳು ಗೋಡೆಗೆ ಒರಗಿದ್ದಳು. ತಲೆ ಭುಜಕ್ಕೆ ಬಿದ್ದಿತ್ತು. ಹೆಸರು ಹಿಡಿದು ಕರೆದೆ. ಕಣ್ಣು ಅರ್ಧ ತೆರೆದು “ಹಾಂ... ಪಾಂಚ್ ಮಿನಿಟ್...” ಎಂದಳು, ಬೆಳಗ್ಗೆ ಅಲಾರ್ಮ್ ನಿಲ್ಲಿಸುವವರ ಹಾಗೆ. ಮತ್ತೆ ಕಣ್ಣು ಮುಚ್ಚಿತು. ನಾನು ಮಾತಿಗೆ ನಿಲ್ಲಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಎಣ್ಣೆಯ ಮೈ, ಕೈ ಜಾರಿತು. ಮತ್ತೆ ಹಿಡಿದೆ.

“ಎಂತ ಮಾಡ್ತೀ? ಎಂತ ಮಾಡ್ತೀ!” ಆಂಟಿ ಬಾಗಿಲಿಗೆ ಅಡ್ಡ ನಿಂತರು. “ಒದ್ದೆ ಮೈ, ಗಾಳಿ ತಾಗ್ತದೆ! ಹೊರಗೆ ಗಂಡಸರಿದ್ದಾರೆ!”

ಆ ಮನೆಯ ರೀತಿಯಲ್ಲಿ ಬಾಣಂತಿ ಹೊರಬಾಗಿಲಿನ ಹೊಸ್ತಿಲು ದಾಟಬಾರದು, ತಲೆಗೆ ಬಟ್ಟೆಯಿಲ್ಲದೆ ಕೋಣೆಯಿಂದಲೂ ಬರಬಾರದು. ನಾನು ಅವಳನ್ನು ಎಲ್ಲರ ಕಣ್ಣೆದುರಿಗೆ, ಅರೆಬಟ್ಟೆಯಲ್ಲಿ, ಗಾಳಿ ಸುಯ್ಯೆನ್ನುವ ಹೊರಗಿನ ಪ್ಯಾಸೇಜಿಗೆ ಎಳೆದುಕೊಂಡು ಹೋಗಬೇಕಿತ್ತು. ನನ್ನ ಲೆಕ್ಕ ತಪ್ಪಿದ್ದರೆ ಆ ಮನೆಯವರು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ತಪ್ಪಿರಬಹುದೇ ಎಂದು ಯೋಚಿಸಲು ಹೊತ್ತೂ ಇರಲಿಲ್ಲ. ಆಂಟಿಯನ್ನು ಭುಜದಿಂದ ದೂಡಿದೆ. ನನ್ನ ಅಮ್ಮನ ವಯಸ್ಸಿನವರನ್ನು, ಜೋರಾಗಿಯೇ.

“ಮಾಮಾ, ಫ್ಯಾನ್ ಬಂದ್ ಮಾಡು, ಒಲೆ ಬಂದ್ ಮಾಡು, ಬಚ್ಚಲಿನ ಬಾಗಿಲು ಹಾಕು! ಅಂಕಲ್, ಮಗು ಎತ್ಕೊಂಡು ಹೊರಗೆ ಬನ್ನಿ!”

ಪ್ಯಾಸೇಜಿನ ಗ್ರಿಲ್ಲಿನ ಪಕ್ಕ ಅವಳನ್ನು ಕೂರಿಸಿದೆವು. ಎದುರು ಮನೆಯ ಬಾಗಿಲು ತೆರೆಯಿತು. ಸೆಕ್ರೆಟರಿ ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತಿದ್ದರು. ಆಂಟಿ ಅಳುತ್ತ ಓಡಿ ಬಂದು ಮಗಳ ಮೇಲೆ ಸೀರೆ ಹೊದಿಸುತ್ತಲೇ ಹೊಸ್ತಿಲ ಬಳಿ ಕುಸಿದು ವಾಂತಿ ಮಾಡಿದರು. ಎದುರು ಮನೆಯವರು ಅವರನ್ನು ಹಿಡಿದರು.

ಆಗ ಸೆಕ್ರೆಟರಿ ತಿರುಗಿ ನೋಡಿದರು. ಬಾಣಂತಿಯನ್ನು, ವಾಂತಿಯನ್ನು, ನನ್ನ ಕೈಯಲ್ಲಿ ಇನ್ನೂ ಕೂಗುತ್ತಿದ್ದ ಯಂತ್ರವನ್ನು. ಅವರ ಬಣ್ಣವೇ ಬದಲಾಯಿತು. ಮೆಟ್ಟಿಲ ಕಂಬಿ ಹಿಡಿದು ಮೇಲಕ್ಕೂ ಕೆಳಕ್ಕೂ ಕೂಗಿದರು, ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ: “ಗೀಸರ್ ಬಂದ್ ಕರಾ! ಸಬ್ ಬಂದ್ ಕರೋ! ಎಲ್ಲಾರೂ ಬಂದ್ ಮಾಡ್ರಿ!” ಆಮೇಲೆ ಮಾಮನಿಗೆ, “ನೀವು ಹೋಗ್ರಿ ಮ್ಯಾಲ, ಶೀಟ್ ಕತ್ತರಸ್ರಿ. ಠರಾವ್ ನಾ ನೋಡ್ಕೋತೀನಿ.”

ಹತ್ತಿರದ ಆಸ್ಪತ್ರೆಗೆ ಎರಡು ರಿಕ್ಷಾಗಳಲ್ಲಿ ಹೋದೆವು. ಅಲ್ಲಿ ನರ್ಸ್ ಬಾಣಂತಿಯ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕ ಸರಿಯಾಗಿಯೇ ಇತ್ತು.  ಹಾಗಾದರೆ ನಾನು ಮಾಡಿದ್ದೆಲ್ಲ? ಡಾಕ್ಟರಿಗೆ ತೊದಲುತ್ತ ಡಕ್ಟಿನ ವಿಷಯ ಹೇಳಿದೆ. ಆಕೆ ಬೆರಳಿನ ಯಂತ್ರವನ್ನು ಕಳಚಿ ಬದಿಗಿಟ್ಟರು. ಈ ವಿಷದ ಮುಂದೆ ಅದು ಮೋಸ ಹೋಗುತ್ತದೆ, ಆಮ್ಲಜನಕಕ್ಕೂ ಇದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಹೇಳಿ, ತಾಯಿ ಮಗಳು ಇಬ್ಬರ ರಕ್ತ ತೆಗೆಸಿ, ಇಬ್ಬರಿಗೂ ಮಾಸ್ಕ್ ಬಿಗಿದು ಪೂರ್ತಿ ಆಮ್ಲಜನಕ ಕೊಡಿಸಿದರು. ಮಗುವನ್ನೂ ಪರೀಕ್ಷೆ ಮಾಡಿದರು. ಹಾಲ್‌ನ ಕಿಟಕಿ ತೆರೆದಿದ್ದರಿಂದ ಅದಕ್ಕೆ ಏನೂ ತಾಗಿರಲಿಲ್ಲ. ರಕ್ತದ ವರದಿ ಬಂದಾಗ ಡಾಕ್ಟರ್ ನನ್ನನ್ನು ಕರೆದು, ಇನ್ನು ಸ್ವಲ್ಪ ಹೊತ್ತು ಅವಳು ಆ ಮಣೆಯ ಮೇಲೆ ಕೂತಿದ್ದರೆ ಇಲ್ಲಿಗೆ ತರುವ ಅಗತ್ಯವಿರುತ್ತಿರಲಿಲ್ಲ ಎಂದರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೆ. ಕೈಯಲ್ಲಿ ಎಣ್ಣೆಯ ಜಿಡ್ಡು ಹಾಗೇ ಇತ್ತು. ನನ್ನ ಗೀಸರ್ ಹೊತ್ತಿರಲೇ ಇಲ್ಲ. ಅದರ ಸೆಲ್‌ಗಳು ನನ್ನ ಚೀಲದಲ್ಲಿದ್ದವು. ಆ ಮನೆಗೆ ವಿಷ ಬಂದದ್ದು ಉಳಿದವರ ಗೀಸರುಗಳಿಂದ, ನಾನು ಗಾಳಿಗೆಂದು ತೆರೆದ ಕಿಟಕಿಯಿಂದ. ಆಂಟಿ ಪ್ಲಾಸ್ಟಿಕ್ ಅಂಟಿಸಿದ್ದು ತಪ್ಪು ಕಾರಣಕ್ಕೆ. ನಾನು ಕಿತ್ತದ್ದು ಸರಿಯಾದ ಕಾರಣಕ್ಕೆ. ಚರ್ಚಾ ಸ್ಪರ್ಧೆಯಾಗಿದ್ದರೆ ಇವತ್ತಿಗೂ ನನಗೇ ಬಹುಮಾನ. ಬಚ್ಚಲಿಗೆ ಗಾಳಿ ಬೇಕು ಎಂಬ ವಾದದಲ್ಲಿ ಈಗಲೂ ಒಂದು ಅಕ್ಷರ ಹಿಂದೆಗೆಯಲಾರೆ. ಆದರೆ ಕಿಟಕಿ ಯಾವುದಕ್ಕೆ ತೆರೆಯುತ್ತದೆ ಎಂದು ಮೊದಲು ಹತ್ತಿ ನೋಡದೆ ಈಗ ಯಾವ ಮನೆಯಲ್ಲೂ ಬಾಯಿ ತೆರೆಯುವುದಿಲ್ಲ. ಮಾಮ ಫೋನ್ ಮಾಡಿ, ಶೀಟು ಕತ್ತರಿಸಿದಾಗ ಮೇಲೆದ್ದ ಬಿಸಿಗಾಳಿಗೆ ಕಣ್ಣು ಉರಿದು ಹಿಂದೆ ಸರಿದೆ ಎಂದ. 

ಸಂಜೆಯ ಹೊತ್ತಿಗೆ ಮಗಳಿಗೆ ಪೂರ್ತಿ ಎಚ್ಚರವಾಯಿತು. ಒಳಗೆ ಹೋದೆ. ಪಕ್ಕದ ಮಂಚದಲ್ಲಿ ಆಂಟಿ ಮಾಸ್ಕ್ ತೆಗೆದು ಕೂತಿದ್ದರು. ನನ್ನನ್ನು ನೋಡಿ ಕೂರಲು ಮಂಚದ ತುದಿಯಲ್ಲಿ ಸ್ವಲ್ಪ ಜಾಗ ಮಾಡಿದರು. ಮಗಳು ತನ್ನ ಮಾಸ್ಕನ್ನು ಕೆಳಗೆ ಎಳೆದಳು.

“ಅಮ್ಮಾ, ಮೊದಲು ಬಾಬುಗೆ ಸ್ನಾನ ಮಾಡಿಸ್ತೇನೆ ಅಂದಿದ್ರಲ್ಲ? ನಿಮ್ಮ ಕಾಲ ಮೇಲೆ ಹಾಕ್ಕೊಂಡು, ಬಚ್ಚಲಲ್ಲೇ...”

ಆಂಟಿ ತಲೆಯಾಡಿಸಿದರು.  “ಹಾಗೇ ಮಾಡುದು ಅಂತ ಇದ್ದೆ. ನೀರು ಬೆರೆಸಿ ಎತ್ತಿಕೊಳ್ಳಲಿಕ್ಕೆ ಬಂದ್ರೆ ಮಗುವಿಗೆ ನಿದ್ದೆ ಬಂದುಬಿಟ್ಟಿತ್ತು. ಎಬ್ಬಿಸುದು ಬೇಡ ಅಂತ ನಿನ್ನನ್ನೇ ಮೊದಲು ಕೂರಿಸಿದೆ.”

 ಆ ಮಗುವಿನದು ಎಷ್ಟು ಸಣ್ಣ ಎದೆ, ಎಷ್ಟು ಸಣ್ಣ ಉಸಿರು ಎಂದು ನಾನು ಲೆಕ್ಕ ಹಾಕಹೊರಟು ಅರ್ಧಕ್ಕೇ ನಿಲ್ಲಿಸಿದೆ.

ಹೊರಗೆ ಅಂಕಲ್ ತೋಳಲ್ಲಿ ಮಗು ಹಸಿದು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಇಡೀ ವಾರ್ಡ್ ತಿರುಗಿ ನೋಡುವಂತೆ. ನರ್ಸ್ ಗದರಿದ್ದು ಕೇಳಿಸಿತು. ಆಂಟಿ ಏಳಲು ಹೋದರು. ಮಗಳು ತಾಯಿಯ ಸೆರಗು ಹಿಡಿದು ಕೂರಿಸಿದಳು.

“ಸ್ವಲ್ಪ ಹೊತ್ತು ಕೂಗಲಿ, ಅಮ್ಮಾ,” ಎಂದಳು. “ಕೇಳ್ತೇನೆ.”